ಸ್ಟೆಂಟ್‌ಗೆ ಬೆಲೆ ಕಟ್ಟೋರು ಯಾರು?



ಒಂದು ಸೀರೆ ತಗೋಬೇಕಾದ್ರೂ ನಾವು ನಾಲ್ಕು ಅಂಗಡಿ ಸುತ್ತುತ್ತೇವೆ, ಚೌಕಾಸಿ ಮಾಡ್ತೇವೆ. ಆದರೆ ಎದೆನೋವು ಬಂದು ಆಸ್ಪತ್ರೆಯಲ್ಲಿ ಮಲಗಿದವರು 'ಬೇರೆ ಕಂಪನಿ ಸ್ಟೆಂಟ್ ತೋರಿಸಿ' ಅಂತ ಕೇಳೋಕಾಗತ್ತಾ? ಆರಿಸೋರು ವೈದ್ಯರು, ತರಿಸೋದು ಆಸ್ಪತ್ರೆ, ದುಡ್ಡು ಕೊಡೋರು ಮಾತ್ರ ನಾವು. ವೈದ್ಯಕೀಯ ಸಾಧನಗಳ ಬೆಲೆಯ ವಿಷಯಕ್ಕೆ ಸರ್ಕಾರಗಳು ಕೈಹಾಕೋದು ಇದೇ ಕಾರಣಕ್ಕೆ.

ನಮ್ಮ ದೇಶದಲ್ಲಿ ದೊಡ್ಡ ಹೆಜ್ಜೆ ಇಟ್ಟಿದ್ದು 2017ರ ಫೆಬ್ರುವರಿಯಲ್ಲಿ. ಔಷಧ ಲೇಪಿತ ಸ್ಟೆಂಟ್‌ಗೆ ಅಲ್ಲಿಯವರೆಗೆ ಲಕ್ಷ ರೂಪಾಯಿ ದಾಟಿದ ಬೆಲೆ ಸಾಮಾನ್ಯವಾಗಿತ್ತು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ ತೆರಿಗೆ ಬಿಟ್ಟು ₹29,600 ಅಂತ ಮಿತಿ ಹಾಕಿತು. ಲೇಪನವಿಲ್ಲದ ಸ್ಟೆಂಟ್‌ಗೆ ₹7,260. ಕಂಪನಿಯಿಂದ ರೋಗಿಯವರೆಗಿನ ದಾರಿಯಲ್ಲಿ ಹೆಚ್ಚು ಲಾಭ ಸೇರ್ತಿದ್ದುದು ಆಸ್ಪತ್ರೆಯ ಹಂತದಲ್ಲೇ ಅಂತ ಪ್ರಾಧಿಕಾರವೇ ಹೇಳಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೃತಕ ಮಂಡಿಗೂ ಮಿತಿ ಬಂತು.

ಹಾಗಾದ್ರೆ ಸಮಸ್ಯೆ ಮುಗೀತಾ? ಇಲ್ಲ. ಮಿತಿ ಬಿದ್ದಿದ್ದು ಸ್ಟೆಂಟ್‌ಗೆ. ಆಸ್ಪತ್ರೆಯ ಪೂರ್ತಿ ಬಿಲ್‌ಗಲ್ಲ. ಕೊಠಡಿ ಬಾಡಿಗೆ, ಆಂಜಿಯೋಪ್ಲಾಸ್ಟಿ ಶುಲ್ಕ ಆ ಆದೇಶದ ಹೊರಗೇ ಉಳಿದವು. ಇನ್ನೊಂದು ಕಡೆ, ಹಳೇ ಮಾದರಿಗೂ ಹೊಸ ಮಾದರಿಗೂ ಒಂದೇ ಬೆಲೆ ಸರಿಯಲ್ಲ ಅಂತ ತಯಾರಕರು ತಕರಾರು ತೆಗೆದರು. ಕೆಲವು ವಿದೇಶಿ ಕಂಪನಿಗಳು ತಮ್ಮ ಹೊಸ ಸ್ಟೆಂಟ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತಗೊಳ್ಳೋಕೆ ಅನುಮತಿ ಕೇಳಿದವು.

ಆಯುಷ್ಮಾನ್ ಭಾರತ್ ಯೋಜನೆ ಹಿಡಿದ ದಾರಿ ಬೇರೆ. ಅಲ್ಲಿ ಇಡೀ ಚಿಕಿತ್ಸೆಗೆ ಪ್ಯಾಕೇಜ್ ದರ. ಬಿಲ್ ಉಬ್ಬಿಸೋಕೆ ಅವಕಾಶ ಕಡಿಮೆ ನಿಜ. ಆದರೆ ದರ ತೀರಾ ಕಡಿಮೆಯಾದ್ರೆ ಖಾಸಗಿ ಆಸ್ಪತ್ರೆಗಳು ಹಿಂಜರೀತಾವೆ. ಕಾರ್ಡ್ ಇದ್ದೂ ಅಲೆಯೋರು ರೋಗಿಗಳೇ.

ಈಗ ಜಪಾನ್ ನೋಡಿ. ಅಲ್ಲಿ ಸರ್ಕಾರಿ ವಿಮೆ ಇಂಥ ಸಾಧನಗಳನ್ನು ಅವು ಮಾಡೋ ಕೆಲಸದ ಪ್ರಕಾರ ಗುಂಪು ಮಾಡುತ್ತೆ. ಒಂದು ಗುಂಪಿಗೆ ಒಂದೇ ಬೆಲೆ, ಬ್ರ್ಯಾಂಡ್ ಯಾವುದಾದರೂ ಸರಿ. ಆಸ್ಪತ್ರೆಗಳು ನಿಜವಾಗಿ ಎಷ್ಟಕ್ಕೆ ಖರೀದಿಸ್ತಿವೆ ಅಂತ ಸಮೀಕ್ಷೆ ನಡೆಸಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬೆಲೆ ಪರಿಷ್ಕರಿಸ್ತಾರೆ. ವಿದೇಶದ ಬೆಲೆಗಳ ಜತೆಗೂ ಹೋಲಿಸ್ತಾರೆ. ಹೊಸ ಸಾಧನ ನಿಜಕ್ಕೂ ಉತ್ತಮ ಅಂತ ಕಂಪನಿ ತೋರಿಸಿಕೊಟ್ರೆ ಹೊಸ ಗುಂಪು, ಹೆಚ್ಚಿನ ಬೆಲೆ.

ಇದರಲ್ಲಿ ನಮಗೊಂದು ಪಾಠ ಇದೆ. ಮಿತಿ ಹಾಕಿದ್ರಷ್ಟೇ ಸಾಲದು. ಆಸ್ಪತ್ರೆ ಕೊಟ್ಟ ಬೆಲೆ ಎಷ್ಟು, ರೋಗಿ ಕೊಟ್ಟಿದ್ದೆಷ್ಟು ಅನ್ನೋದು ಬೆಳಕಿಗೆ ಬರ್ತಾ ಇರಬೇಕು.

ನಾವು ಮಾಡಬಹುದಾದದ್ದೂ ಒಂದಿದೆ. ಸ್ಟೆಂಟ್‌ನ ಬೆಲೆ, ಬ್ರ್ಯಾಂಡ್, ತಯಾರಕರ ಹೆಸರು, ಬ್ಯಾಚ್ ಸಂಖ್ಯೆಯನ್ನು ಬಿಲ್‌ನಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು ಅಂತ 2017ರ ಆದೇಶದಲ್ಲೇ ಇದೆ. ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಹಾಕಿಸಿದ್ರೆ ಆ ಸಾಲನ್ನು ಹುಡುಕಿ. ಕಾಣದಿದ್ರೆ ಸಂಕೋಚ ಬೇಡ, ಕೇಳಿ.