ಮುಂದಿನ ವರ್ಷ ಏನು ಓದುತ್ತೇವೆ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)

 

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕೂ ಕಡೆಯಿಂದ ಬಂದಿರುವ ಪಾಲಕರೇ, ನಮ್ಮನ್ನು ನಂಬಿ ಹಣ ಕೊಟ್ಟಿರುವ ದಾನಿಗಳೇ, ಪ್ರೀತಿಯ ವಿದ್ಯಾರ್ಥಿಗಳೇ,

ವರ್ಷದ ಲೆಕ್ಕಪತ್ರ ನಿಮ್ಮ ಕೈಯಲ್ಲಿರುವ ವರದಿಯಲ್ಲಿ ಅಚ್ಚಾಗಿದೆ. ಅದನ್ನು ಇಲ್ಲಿ ಮತ್ತೆ ಓದುವುದಿಲ್ಲ. ಈ ಸಲ ವಿದ್ಯಾರ್ಥಿವೇತನದ ಅರ್ಜಿಗೆ ನಾವು ಒಂದು ಹಾಳೆ ಹೆಚ್ಚಿಗೆ ಸೇರಿಸಿದ್ದೇವೆ. ಅದರ ತಲೆಬರಹ: "ಮುಂದಿನ ವರ್ಷ ನಾನು ಓದುವುದು". ಪಠ್ಯಪುಸ್ತಕ ಬಿಟ್ಟು ಏನು ಓದುತ್ತೀರಿ, ಎಷ್ಟು ಓದುತ್ತೀರಿ, ದಿನದ ಯಾವ ಹೊತ್ತಿನಲ್ಲಿ ಓದುತ್ತೀರಿ ಎಂದು ವಿದ್ಯಾರ್ಥಿಯೇ ಸ್ವಂತ ಕೈಯಿಂದ ಬರೆಯಬೇಕು. ಈ ಹಾಳೆ ಯಾಕೆ ಎಂದು ಕೆಲವು ದಾನಿಗಳು ಕೇಳಿದರು. ಇದನ್ನು ಬರೆಯದಿದ್ದರೆ ಹಣ ಸಿಗುವುದಿಲ್ಲವೇ ಎಂದು ಕೆಲವು ತಾಯಂದಿರು ಗಾಬರಿಯಿಂದ ಕೇಳಿದರು. ಮೊದಲು ತಾಯಂದಿರಿಗೆ ಉತ್ತರ: ಹಣಕ್ಕೂ ಈ ಹಾಳೆಗೂ ಸಂಬಂಧವಿಲ್ಲ. ಹಾಳೆ ಖಾಲಿ ಬಿಟ್ಟರೂ ಅರ್ಜಿ ಸ್ವೀಕರಿಸುತ್ತೇವೆ. ಬರೆದದ್ದಕ್ಕೆ ಅಂಕ ಕೊಡುವುದಿಲ್ಲ, ವರ್ಷದ ಕೊನೆಗೆ ಪರೀಕ್ಷೆ ಮಾಡುವುದೂ ಇಲ್ಲ.

ಹಾಗಾದರೆ ಯಾಕೆ? ಸಂದರ್ಶನದಲ್ಲಿ ಮಕ್ಕಳನ್ನು ಮಾತಾಡಿಸುವಾಗ ನಾವು ಪ್ರತಿ ವರ್ಷ ಒಂದು ಸಂಗತಿ ನೋಡುತ್ತೇವೆ. ಹತ್ತನೇ ತರಗತಿವರೆಗೆ ಉರ್ದು ಮಾಧ್ಯಮದಲ್ಲಿ ಓದಿದ ಮಗು ಪಿಯುಸಿಗೆ ಬಂದು ಒಮ್ಮೆಲೇ ಇಂಗ್ಲಿಷ್ ಅಥವಾ ಕನ್ನಡ ಪುಸ್ತಕದ ಮುಂದೆ ಕೂಡುತ್ತದೆ. ಕನ್ನಡ ಮಾಧ್ಯಮದ ಮಗುವೂ ವಿಜ್ಞಾನ ತಗೊಂಡರೆ ಇದೇ ಪಾಡು. ಬುದ್ಧಿ ಕಡಿಮೆ ಇರುವುದಿಲ್ಲ. ಆದರೆ ಒಂದು ಪುಟ ಓದಲು ಅರ್ಧ ಗಂಟೆ ಹಿಡಿಯುತ್ತದೆ. ದೀಪಾವಳಿ ರಜೆ ಬರುವ ಹೊತ್ತಿಗೆ ಆ ಮಗು ಹಿಂದೆ ಬಿದ್ದಿರುತ್ತದೆ. ಗಂಡು ಹುಡುಗನಾದರೆ ಅಂಗಡಿಗೋ ಗ್ಯಾರೇಜಿಗೋ ಹೋಗುತ್ತಾನೆ, ಹೆಣ್ಣು ಮಗಳಾದರೆ ಮನೆಯಲ್ಲಿ ಉಳಿಯುತ್ತಾಳೆ. ಶುಲ್ಕ ನಾವು ಕಟ್ಟಿರುತ್ತೇವೆ, ರಸೀದಿಯೂ ಇರುತ್ತದೆ, ಮಗು ಮಾತ್ರ ತರಗತಿಯಲ್ಲಿ ಇರುವುದಿಲ್ಲ. ದಾನಿಗಳೇ, ನಿಮ್ಮ ಹಣ ಸೋರಿಹೋಗುವ ತೂತು ಅದು. ಅದನ್ನು ಮುಚ್ಚಲು ಇನ್ನಷ್ಟು ಹಣ ಸಾಲದು. ಓದಿನ ವೇಗ ಬೇಕು, ಅದು ದಿನಾ ಓದಿದರೆ ಮಾತ್ರ ಬರುತ್ತದೆ.

ಬಾನು ಮುಷ್ತಾಕ್ ಅವರ ಹೆಸರು ಈಗ ಎಲ್ಲರಿಗೂ ಗೊತ್ತು. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಸನ್ಮಾನ, ಫ್ಲೆಕ್ಸು ಎಲ್ಲ ಆಯಿತು. ನಮಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅವರ ಎಂಟನೇ ವಯಸ್ಸಿನ ಕಥೆ. ಮನೆಯ ಮಾತು ಉರ್ದು. ತಂದೆ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಲು ಹೋದರು. ಶಾಲೆಯವರು ಒಂದು ಷರತ್ತು ಹಾಕಿದರು: ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕು. ಹುಡುಗಿ ಆರು ತಿಂಗಳು ಕಾಯಲಿಲ್ಲ, ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಎಲ್ಲ ಮಕ್ಕಳೂ ಹಾಗೆ ಕೆಲವೇ ದಿನಗಳಲ್ಲಿ ಕಲಿಯುತ್ತಾರೆ ಎಂದು ನಾವು ಹೇಳುವುದಿಲ್ಲ. ಆದರೆ ಆ ಷರತ್ತು ಹೇಗಿತ್ತು ನೋಡಿ. "ಚೆನ್ನಾಗಿ ಓದು" ಎಂದು ಯಾರೂ ಹೇಳಲಿಲ್ಲ. ಯಾವ ಭಾಷೆ, ಏನು ಬರಬೇಕು, ಎಷ್ಟು ದಿನದಲ್ಲಿ ಎಂಬ ಮೂರೂ ಅದರಲ್ಲಿ ಇದ್ದವು. ನಮ್ಮ ಹಾಳೆಯಲ್ಲಿ ಕೇಳಿರುವುದೂ ಹೆಚ್ಚುಕಡಿಮೆ ಅಷ್ಟೇ.

ಓದಿನ ಗುರಿ ಎಂದರೆ ಇದು ದೊಡ್ಡ ಪಟ್ಟಣದವರ, ಪುಸ್ತಕದ ಕಪಾಟು ಇರುವವರ ಹವ್ಯಾಸ ಎಂದು ಕೆಲವರು ತಿಳಿಯುತ್ತಾರೆ. ನಮ್ಮ ಮನೆಗಳಲ್ಲಿ ಇದು ಹೊಸದೇ ಅಲ್ಲ. ರಮ್ಜಾನ್ ತಿಂಗಳಲ್ಲಿ ಖತಮ್ ಮಾಡುವವರು ಹೇಗೆ ಓದುತ್ತಾರೆ? ಮೂವತ್ತು ಪಾರಾ, ಮೂವತ್ತು ದಿನ. ದಿನಕ್ಕೊಂದು ಪಾರಾ ಎಂದರೆ ಸುಮಾರು 20 ಪುಟ. ಒಂದೇ ಸಲ 20 ಪುಟ ಕಷ್ಟ ಎನ್ನುವವರು ಐದು ನಮಾಜಿಗೆ ಹಂಚಿಕೊಂಡು, ಪ್ರತಿ ನಮಾಜಿನ ನಂತರ ನಾಲ್ಕು ಪುಟ ಓದುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯರಿಗೂ ಈ ಲೆಕ್ಕ ಬಾಯಿಪಾಠ. ಅಷ್ಟು ದೊಡ್ಡ ಗ್ರಂಥ ಮುಗಿಯುತ್ತದೆ ಎಂದರೆ ಅದಕ್ಕೆ ಭಕ್ತಿ ಕಾರಣ, ಒಪ್ಪಿದೆವು. ಜೊತೆಗೆ ಇನ್ನೂ ಮೂರು ಕಾರಣಗಳಿವೆ. ಅದು ಚಿಕ್ಕ ಚಿಕ್ಕ ಪಾಲಾಗಿದೆ. ಪ್ರತಿ ಪಾಲಿಗೂ ದಿನದಲ್ಲಿ ಒಂದು ಹೊತ್ತು ಗೊತ್ತಾಗಿದೆ. "ನಿಂದು ಎಷ್ಟನೇ ಪಾರಾ ಆತು?" ಎಂದು ಮನೆಯಲ್ಲಿ ಯಾರಾದರೂ ಕೇಳುವವರಿರುತ್ತಾರೆ. ಇದೇ ವಿದ್ಯೆಯನ್ನು ಉಳಿದ ಹನ್ನೊಂದು ತಿಂಗಳು ಒಂದು ಕನ್ನಡ ಪುಸ್ತಕಕ್ಕೋ ಇಂಗ್ಲಿಷ್ ಪುಸ್ತಕಕ್ಕೋ ಬಳಸಿಕೊಳ್ಳಿ ಎಂಬುದೇ ನಮ್ಮ ವಿನಂತಿ.

ಹಾಗಾಗಿ ಹಾಳೆಯಲ್ಲಿ "ವರ್ಷಕ್ಕೆ 50 ಪುಸ್ತಕ" ಎಂದು ಬರೆಯಬೇಡಿ. ಬರೆಯುವಾಗ ಖುಷಿ ಆಗುತ್ತದೆ, ಆಗಸ್ಟ್ ಹೊತ್ತಿಗೆ ಹಾಳೆ ಎಲ್ಲಿದೆ ಎಂದೇ ಮರೆತಿರುತ್ತದೆ. ಅಮೀನಗಡದ ಕರದಂಟು ಎಷ್ಟೇ ರುಚಿಯಾಗಿದ್ದರೂ ಇಡೀ ಡಬ್ಬಿ ಒಂದೇ ಕೂರಿಗೆ ತಿನ್ನಲಾಗದು. ದಿನಕ್ಕೆ ಎಂಟು ಪುಟ ಎಂದು ಬರೆಯಿರಿ. ತಿಂಗಳಿಗೆ 25 ದಿನ ಹಿಡಿಯಿರಿ. ಐದು ದಿನ ಮದುವೆ, ಜ್ವರ, ನೆಂಟರಿಗೆ ಬಿಡಿ. ವರ್ಷದಲ್ಲಿ ಒಂಬತ್ತು ತಿಂಗಳು ಮಾತ್ರ ಲೆಕ್ಕಕ್ಕೆ ತಗೊಳ್ಳಿ, ಪರೀಕ್ಷೆಯ ತಿಂಗಳುಗಳ ಎದುರು ಮೊದಲೇ ಸೊನ್ನೆ ಹಾಕಿ. ಆದರೂ 1800 ಪುಟ ಆಗುತ್ತದೆ, ಅಂದರೆ 200 ಪುಟದ ಒಂಬತ್ತು ಪುಸ್ತಕ. ಒಂಬತ್ತು ಪುಸ್ತಕ ಓದಿದ ಮಗುವಿಗೂ ಒಂದೂ ಓದದ ಮಗುವಿಗೂ ಇರುವ ಅಂತರ ಏನೆಂದು ನಮ್ಮ ಶಿಕ್ಷಕ ಬಂಧುಗಳನ್ನು ಕೇಳಿ.

ಪುಸ್ತಕ ಬೇಸರ ತಂದರೆ ಬಿಡಬಹುದೇ? ಬಿಡಬಹುದು. 50 ಪುಟ ಓದಿ, ಹಿಡಿಸದಿದ್ದರೆ ಬೇರೆಯದು ತಗೊಳ್ಳಿ. ಶಿಕ್ಷೆಯ ಹಾಗೆ ಓದಿದ ಪುಸ್ತಕದಿಂದ ಮುಂದಿನ ಪುಸ್ತಕಕ್ಕೆ ದಾರಿ ಸಿಗುವುದಿಲ್ಲ.

ಯಾವ ಪುಸ್ತಕ ಎಂಬುದು ನಿಮ್ಮ ಆಯ್ಕೆ. ಆದರೂ ಕೇಳಿದವರಿಗೆ ಕೆಲವು ಹೆಸರು ಹೇಳುತ್ತೇವೆ. ವಿಜ್ಞಾನದ ಮಕ್ಕಳು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಲಿ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವವರ ಕಥೆ, ಸಣ್ಣ ಪುಸ್ತಕ, ನಿಲ್ಲಿಸಲು ಮನಸ್ಸಾಗದು. ಹೆಣ್ಣುಮಕ್ಕಳು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಲಿ, ಅವರ ಅಣ್ಣತಮ್ಮಂದಿರು ತಪ್ಪದೇ ಓದಲಿ. ನಿಸಾರ್ ಅಹಮದ್ ಅವರ ಕವಿತೆ, ಬೊಳುವಾರು ಅವರ ಕಥೆ, ನಮ್ಮ ಭಾಗದ ಅಬ್ಬಾಸ್ ಮೇಲಿನಮನಿಯವರ ಕಥೆ ಇವೆ. ಹುನಗುಂದ, ಇಳಕಲ್ ಕಡೆಯವರಿಗೆ ಪಿ.ಬಿ. ಧುತ್ತರಗಿಯವರ ನಾಟಕಗಳಿವೆ. ಸೂಳೇಭಾವಿಯಲ್ಲಿ ಹುಟ್ಟಿದವರು ಬರೆದ 'ಸಂಪತ್ತಿಗೆ ಸವಾಲ್' ಸಿನಿಮಾ ಆಗಿದ್ದು ಎಲ್ಲರಿಗೂ ಗೊತ್ತು, ಪುಸ್ತಕವಾಗಿ ಓದಿದವರು ಎಷ್ಟು ಮಂದಿ? ನಾಟಕವನ್ನು ಒಬ್ಬರೇ ಓದುವುದಕ್ಕಿಂತ ಮನೆಮಂದಿ ಪಾತ್ರ ಹಂಚಿಕೊಂಡು ಓದಿದರೆ ಇನ್ನೂ ಚೆನ್ನ.

ಬಾದಾಮಿಯ ಕೆಲವು ಹುಡುಗರು ರಜೆಯಲ್ಲಿ ಪ್ರವಾಸಿಗರಿಗೆ ಗುಹೆ ತೋರಿಸಿ ನಾಲ್ಕು ಕಾಸು ದುಡಿಯುತ್ತಾರೆ. ಅವರ ಗುರಿ ಬೇರೆ ಇರಲಿ: ಚಾಲುಕ್ಯರ ಮೇಲೆ ಒಂದು ನಂಬಿಕಸ್ಥ ಇತಿಹಾಸ ಪುಸ್ತಕ. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ, ಊರ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ಅತಿ ಹಳೆಯ ತ್ರಿಪದಿ ಎಂದು ಪಂಡಿತರು ತೋರಿಸುವುದು ಅದನ್ನೇ. ದಿನಾ ಅದರ ಮುಂದೆ ಓಡಾಡುವ ಹುಡುಗನಿಗೆ ಅದರ ಅರ್ಥ ಗೊತ್ತಿದ್ದರೆ ಮಾತಿಗೆ ತೂಕ ಬರುತ್ತದೆ, ಕೈಗೆ ಬರುವ ಕಾಸೂ ಹೆಚ್ಚಬಹುದು.

ಇನ್ನು ಪುಸ್ತಕ ಎಲ್ಲಿಂದ ತರುವುದು? ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ಅಂದರೆ ಗ್ರಂಥಾಲಯಕ್ಕೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ, ಹೋಗಿ ಪುಸ್ತಕ ತರುವುದೊಂದೇ ಬಾಕಿ. ಬಾಗಲಕೋಟೆಯಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವುಗಳನ್ನು ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ. ಹೆಣ್ಣುಮಕ್ಕಳನ್ನು ಒಬ್ಬರನ್ನೇ ಕಳಿಸಲು ಮನಸ್ಸಿಲ್ಲ ಎನ್ನುವ ಪಾಲಕರು ವಾರಕ್ಕೊಮ್ಮೆ ತಾವೇ ಜೊತೆಗೆ ಹೋಗಿ. ಅಷ್ಟು ಹೊತ್ತು ನಿಮಗೂ ಪೇಪರ್ ಓದಿದಂತಾಗುತ್ತದೆ. ಮನೆಯಲ್ಲಿ ಮೊಬೈಲ್ ಇದ್ದರೆ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದ ಆಪ್‌ನಲ್ಲಿ ಪುಸ್ತಕ ಸಿಗುತ್ತವೆ. ಆದರೆ ಮೊಬೈಲಿನಲ್ಲಿ ಪುಸ್ತಕ ತೆರೆದ ಮಗು ಎರಡು ನಿಮಿಷಕ್ಕೆ ಎಲ್ಲಿಗೆ ಹೋಗುತ್ತದೆ ಎಂದು ನಿಮಗೇ ಗೊತ್ತು. ಕಾಗದದ ಪುಸ್ತಕ ಸಿಕ್ಕರೆ ಅದೇ ಮೇಲು.

ದಾನಿಗಳ ಪ್ರಶ್ನೆಗೆ ಬರುತ್ತೇವೆ. ಕಥೆ ಪುಸ್ತಕಕ್ಕೆ ಝಕಾತ್ ಹಣವೇ? ಇಲ್ಲ. ಝಕಾತ್ ಯಾರಿಗೆ ಸಲ್ಲಬೇಕೆಂದು ನಿಗದಿಯಾಗಿದೆ, ಅದು ಅರ್ಹ ಬಡ ಮಕ್ಕಳ ಕೈಗೇ ಹೋಗುತ್ತದೆ. ಪುಸ್ತಕದ ಖರ್ಚು ಸದಕಾ ಮತ್ತು ಲಿಲ್ಲಾಹ್ ಖಾತೆಯದು, ಎರಡರ ಲೆಕ್ಕವೂ ಬೇರೆ ಬೇರೆ ಇದೆ. ಪುಸ್ತಕವನ್ನೇ ಕೊಡುತ್ತೇವೆ ಎನ್ನುವವರು ನೀವು ಓದಿ ಮೆಚ್ಚಿದ ಒಂದೇ ಪುಸ್ತಕ ಕೊಡಿ, ಒಳಪುಟದಲ್ಲಿ ಯಾಕೆ ಮೆಚ್ಚಿದಿರೆಂದು ಎರಡು ಸಾಲು ಬರೆದು ಕೊಡಿ. ಹಳೆಯ ಗೈಡುಗಳ ಗಂಟು ಮಾತ್ರ ದಯವಿಟ್ಟು ಬೇಡ.

ಹಾಳೆಯ ಕೆಳಗೆ ಒಂದು ಸಹಿಯ ಜಾಗ ಬಿಟ್ಟಿದ್ದೇವೆ. ಅದು ಟ್ರಸ್ಟಿನವರದಲ್ಲ, ಮನೆಯ ಒಬ್ಬ ಸಾಕ್ಷಿಯದು. ಇಳಕಲ್ಲಿನವರಿಗೆ ಸಾಕ್ಷಿಯ ಬೆಲೆ ಗೊತ್ತು. ಇಲ್ಲಿನ ಮಠದ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಹಣ ಬೇಡಲಿಲ್ಲ, ನಿಮ್ಮ ದುಶ್ಚಟ ಹಾಕಿ ಎಂದರು. ಒಳಗೊಳಗೇ ಬಿಡುತ್ತೇನೆ ಅಂದುಕೊಳ್ಳುವುದಕ್ಕೂ ಇನ್ನೊಬ್ಬರ ಜೋಳಿಗೆಗೆ ಹಾಕಿ ಬಿಡುವುದಕ್ಕೂ ವ್ಯತ್ಯಾಸ ಇದೆ. ಓದುತ್ತೇನೆ ಅನ್ನುವ ಮಾತಿಗೂ ಹಾಗೆ ಒಬ್ಬ ಸಾಕ್ಷಿ ಇರಲಿ.

ನನಗೆ ಓದು ಬರುವುದಿಲ್ಲ, ನಾನು ಹೇಗೆ ಸಾಕ್ಷಿ ಎಂದು ಕೇಳುವ ತಾಯಂದಿರು ಈ ಸಭೆಯಲ್ಲೇ ಇದ್ದಾರೆ. ಮಗು ಗಟ್ಟಿಯಾಗಿ ಓದಲಿ, ನೀವು ಕೇಳಿ. ಮಗ್ಗದ ಮುಂದೆ ಕೂತವರಿಗೆ ಕೈಗೆ ಕೆಲಸ, ಕಿವಿಗೆ ಬಿಡುವು. ವಿದ್ಯುತ್ ಮಗ್ಗದ ಸದ್ದಿನಲ್ಲಿ ಕೇಳಿಸದು ನಿಜ, ಹಾಗಿದ್ದರೆ ಮಗ್ಗ ನಿಂತ ಮೇಲೆ, ಊಟಕ್ಕೆ ಮುಂಚೆ ಕೂಡಿ. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವಾಗ ಎಷ್ಟು ತಾಳ್ಮೆ ಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಗು ಒಂದು ಶಬ್ದಕ್ಕೆ ಎಡವಿ ನಿಂತಾಗ ಅಷ್ಟೇ ತಾಳ್ಮೆ ಇರಲಿ, ಬೈಯಬೇಡಿ. ಮಗು ಎಂಟು ಪುಟ ಮುಗಿಸಿದ ದಿನ ಕ್ಯಾಲೆಂಡರಿನ ಆ ತಾರೀಖಿನ ಮೇಲೆ ನೀವೇ ಒಂದು ಗೀಟು ಎಳೆಯಿರಿ. ಅದೇ ನಿಮ್ಮ ಸಹಿ.

ತಂದೆಯಂದಿರಿಗೂ ಒಂದು ಹಾಳೆ ಇಟ್ಟಿದ್ದೇವೆ. ಅದು ಕಡ್ಡಾಯವಲ್ಲ. ದಿನಪತ್ರಿಕೆಯ ಒಂದು ಪುಟ ಎಂದು ಬರೆದರೂ ಸಾಕು. ಮಕ್ಕಳು ನೋಡುವ ಹಾಗೆ ಓದಿ.

ಓದಿನ ವರ್ಷವನ್ನು ನಾವು ಜೂನ್‌ನಿಂದ ಲೆಕ್ಕ ಹಾಕುತ್ತೇವೆ. ಹಾಳೆಗಳು ಅರ್ಜಿ ನಮೂನೆಯ ಕೊನೆಯಲ್ಲಿವೆ, ಬಿಡಿ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಕನ್ನಡ, ಉರ್ದು, ಇಂಗ್ಲಿಷ್ ಯಾವ ಭಾಷೆಯಲ್ಲಾದರೂ ಬರೆಯಬಹುದು. ಒಂದು ಪ್ರತಿ ನಮಗೆ ಕೊಡಿ, ಇನ್ನೊಂದನ್ನು ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಈಗ ಹೆಸರು ಕರೆಯುತ್ತೇವೆ. ಮೊದಲು ಹುನಗುಂದದ ಮಕ್ಕಳು ಮುಂದೆ ಬರಲಿ, ಅವರಿಗೆ ಬಸ್ಸಿನ ಹೊತ್ತಾಗಿದೆ.