ಚಪ್ಪಾಳೆ ತಲುಪದ ಮನೆಗಳು



2020ರ ಮಾರ್ಚ್ 26ರ ಗುರುವಾರ ರಾತ್ರಿ ಎಂಟು ಗಂಟೆಗೆ ಬ್ರಿಟನ್ನಿನ ಜನರು ತಮ್ಮ ಮನೆಬಾಗಿಲಿಗೆ ಬಂದು ನಿಂತು ವೈದ್ಯರಿಗೂ ದಾದಿಯರಿಗೂ ಚಪ್ಪಾಳೆ ತಟ್ಟಿದರು. ಹೀಗೆ ಒಟ್ಟು ಹತ್ತು ಗುರುವಾರಗಳು ನಡೆದವು. ಆ ಹೊತ್ತಿನಲ್ಲಿ ಬಾಗಿಲಿಗೆ ಬರಲಾಗದೆ ಒಳಗೇ ಉಳಿದವರೂ ಇದ್ದರು. ಮರೆವಿನ ಕಾಯಿಲೆಯ ತಾಯಿಗೆ ತುತ್ತು ತಿನ್ನಿಸುತ್ತಿದ್ದ ಮಗಳು, ಪಾರ್ಶ್ವವಾಯು ಬಡಿದ ಗಂಡನನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದ ಹೆಂಡತಿ, ಬೀದಿಯ ಸದ್ದಿಗೆ ಬೆಚ್ಚಿಬಿದ್ದ ಆಟಿಸಂ ಇರುವ ಮಗನನ್ನು ಸಂತೈಸುತ್ತಿದ್ದ ತಂದೆ. ಇವರಿಗೆ ಸಮವಸ್ತ್ರವಿಲ್ಲ, ಸಂಬಳವಿಲ್ಲ, ಪಾಳಿ ಮುಗಿಯುವ ಹೊತ್ತೂ ಇಲ್ಲ. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂಥವರು ಸುಮಾರು 50 ಲಕ್ಷ ಮಂದಿ.

ಸಾಂಕ್ರಾಮಿಕದ ನಿರ್ಬಂಧಗಳೇ ಬೇಕಿರಲಿಲ್ಲವೆಂಬುದು ಇಲ್ಲಿಯ ವಾದವಲ್ಲ. ಸೋಂಕನ್ನು ತಡೆಯದೆ ಹೋಗಿದ್ದರೆ ಮೊದಲು ಬಲಿಯಾಗುತ್ತಿದ್ದವರು ಈ ದುರ್ಬಲರೇ. ಪ್ರಶ್ನೆ ಬೇರೆಯದು. 'ಮನೆಯಲ್ಲೇ ಇರಿ' ಎಂದ ಪ್ರಭುತ್ವವು ಮನೆಯೆಂದರೆ ಏನೆಂದು ಭಾವಿಸಿತ್ತು? ಒಂದೇ ಸೂರಿನಡಿ ಬದುಕುತ್ತ ತಮ್ಮ ಕಷ್ಟವನ್ನು ತಾವೇ ನಿಭಾಯಿಸಿಕೊಳ್ಳಬಲ್ಲ ನಾಲ್ಕು ಮಂದಿಯೆಂದು. ಆದರೆ ಆರೈಕೆ ನಡೆಯುವುದು ಗೋಡೆಗಳ ಒಳಗೆ ಮಾತ್ರವಲ್ಲ. ಎರಡು ಬೀದಿಗಳಾಚೆ ಇರುವ ಮಗಳು, ಬೆಳಿಗ್ಗೆ ಸ್ನಾನ ಮಾಡಿಸಲು ಬರುವ ಸಹಾಯಕಿ, ವಾರಕ್ಕೆ ಎರಡು ಮೂರು ದಿನ ಕರೆದುಕೊಂಡು ಹೋಗುವ ಹಗಲು ಕೇಂದ್ರ, ಇವೆಲ್ಲ ಸೇರಿದಾಗ ಮಾತ್ರ ಒಬ್ಬ ದುರ್ಬಲ ವ್ಯಕ್ತಿಯ ದಿನ ಸಾಗುತ್ತದೆ. ಹಗಲು ಕೇಂದ್ರಗಳು ಮುಚ್ಚಿದವು, ಸಹಾಯಕಿಯರ ಬರವು ತಪ್ಪಿತು. ಅವರೆಲ್ಲ ಹಂಚಿಕೊಂಡಿದ್ದ ಹೊರೆ ಮನೆಯೊಳಗಿನ ಒಬ್ಬರ, ಬಹುಮಟ್ಟಿಗೆ ಒಬ್ಬ ಹೆಣ್ಣಿನ, ಹೆಗಲಿಗೆ ಬಿತ್ತು. ದುರ್ಬಲರಿಗೆ ನೆರವಾಗಲು ಹೊರಹೋಗಬಹುದೆಂಬ ವಿನಾಯಿತಿ ನಿಯಮಗಳಲ್ಲಿ ಇತ್ತು, ನಿಜ. ಆದರೆ ವಿನಾಯಿತಿ ಬೇರೆ, ನೆರವು ಬೇರೆ.

ಇಂಗ್ಲೆಂಡಿನಲ್ಲಿ ನೆರವಿನ ಹಕ್ಕಿಗೆ ಆಧಾರವಾಗಿರುವುದು 2014ರ ಆರೈಕೆ ಕಾಯಿದೆ. ಆರೈಕೆ ಪಡೆಯುವವರ ಅಗತ್ಯಗಳನ್ನಷ್ಟೇ ಅಲ್ಲ, ಆರೈಕೆ ಮಾಡುವವರ ಅಗತ್ಯಗಳನ್ನೂ ಸ್ಥಳೀಯ ಕೌನ್ಸಿಲ್‌ಗಳು ಅಳೆದು ನೋಡಬೇಕೆಂದು ಅದು ವಿಧಿಸುತ್ತದೆ. ಮೊದಲ ಚಪ್ಪಾಳೆಗೆ ಒಂದು ದಿನ ಮುಂಚೆ, ಮಾರ್ಚ್ 25ರಂದು ಜಾರಿಗೆ ಬಂದ ಕೊರೊನಾವೈರಸ್ ಕಾಯಿದೆಯು ಈ ಹೊಣೆಗಳಲ್ಲಿ ಹಲವನ್ನು ಸಡಿಲಿಸಲು ಕೌನ್ಸಿಲ್‌ಗಳಿಗೆ ಅವಕಾಶ ಕೊಟ್ಟಿತು. ಅದನ್ನು ಬಳಸಿಕೊಂಡ ಕೌನ್ಸಿಲ್‌ಗಳು ಎಂಟೇ. ಆದರೂ ಸಂದೇಶ ಸ್ಪಷ್ಟವಾಗಿತ್ತು: ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ ಕೈಬಿಡಬಹುದಾದ ಹಕ್ಕು ಇದು.

ಇನ್ನು ಹಣದ ಲೆಕ್ಕ. ಕೆಲಸ ನಿಂತುಹೋದ ನೌಕರರಿಗೆ ಸರ್ಕಾರವು ಫರ್ಲೋ ಯೋಜನೆಯಡಿ ತಿಂಗಳಿಗೆ 2,500 ಪೌಂಡ್ ಮಿತಿಯಲ್ಲಿ ಸಂಬಳದ ಶೇ. 80ರಷ್ಟನ್ನು ತುಂಬಿಕೊಟ್ಟಿತು. ಅದು ಸರಿಯಾದ ಕ್ರಮ. ಅದೇ ವರ್ಷ ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುವವರಿಗೆ ಸಿಗುತ್ತಿದ್ದ ಆರೈಕೆ ಭತ್ಯೆ 67.25 ಪೌಂಡ್, ಅಂದರೆ ಗಂಟೆಗೆ ಎರಡು ಪೌಂಡೂ ಇಲ್ಲ. ಹೊರಗೆ ದುಡಿದು ವಾರಕ್ಕೆ 128 ಪೌಂಡ್‌ಗಿಂತ ಒಂದು ಪೌಂಡ್ ಹೆಚ್ಚು ಗಳಿಸಿದರೂ ಇಡೀ ಭತ್ಯೆ ನಿಂತುಹೋಗುತ್ತಿತ್ತು. ಯೂನಿವರ್ಸಲ್ ಕ್ರೆಡಿಟ್‌ಗೆ ವಾರಕ್ಕೆ 20 ಪೌಂಡ್ ಸೇರಿಸಿದ ಸರ್ಕಾರ ಈ ಭತ್ಯೆಗೆ ಅಂಥದ್ದೇನನ್ನೂ ಸೇರಿಸಲಿಲ್ಲ. ಸ್ಕಾಟ್ಲೆಂಡ್ ಮಾತ್ರ 2020ರ ಜೂನ್‌ನಲ್ಲಿ 230.10 ಪೌಂಡ್‌ಗಳ ಹೆಚ್ಚುವರಿ ನೆರವನ್ನು ಒಂದು ಬಾರಿ ಕೊಟ್ಟಿತು. ಮೊತ್ತ ಚಿಕ್ಕದು. ಆದರೆ ಮನಸ್ಸಿದ್ದರೆ ಸಾಧ್ಯವಿತ್ತೆಂಬುದಕ್ಕೆ ಅದು ಸಾಕ್ಷಿ.

ರಕ್ಷಣೆಯೂ ಹೀಗೆಯೇ ಅರ್ಧಕ್ಕೆ ನಿಂತಿತು. ತೀವ್ರ ಅಪಾಯದಲ್ಲಿರುವವರೆಂದು ಇಂಗ್ಲೆಂಡಿನಲ್ಲಿ ಗುರುತಿಸಲಾದ ಸುಮಾರು 22 ಲಕ್ಷ ಮಂದಿಗೆ ಹೊರಬರಬೇಡಿರೆಂಬ ಪತ್ರ ಹೋಯಿತು. ಅದೇ ಸೂರಿನಡಿ ಇದ್ದ ಉಳಿದವರಿಗೆ ಆ ರಕ್ಷಣೆ ಅನ್ವಯಿಸಲಿಲ್ಲ. ಅವರಿಗೆ ಫರ್ಲೋ ಕೊಡುವುದು, ಬಿಡುವುದು ಮಾಲೀಕರ ಮರ್ಜಿಗೆ ಸೇರಿತ್ತು. ಅಂಗಡಿಯ ಗಲ್ಲೆಯಲ್ಲಿ ದಿನವಿಡೀ ಗಿರಾಕಿಗಳ ಎದುರು ಕೂತು ಸಂಜೆ ಮನೆಗೆ ಬಂದ ಮಗಳು ತಾಯಿಯನ್ನು ಮುಟ್ಟಬೇಕೋ ಬೇಡವೋ ಎಂಬುದಕ್ಕೆ ಯಾವ ಪತ್ರದಲ್ಲೂ ಉತ್ತರವಿರಲಿಲ್ಲ. ದಿನಕ್ಕೊಮ್ಮೆ ಮಾತ್ರ ವ್ಯಾಯಾಮಕ್ಕೆ ಹೊರಹೋಗಬೇಕೆಂಬ ಮಾರ್ಗಸೂಚಿಯು ಆಟಿಸಂ ಇರುವ ಮಕ್ಕಳಿಗೆ ಹೊಂದುವುದಿಲ್ಲವೆಂದು ಒಪ್ಪಿಕೊಳ್ಳಲು ಕುಟುಂಬಗಳು ಕಾನೂನಿನ ಮೊರೆ ಹೋಗಬೇಕಾಯಿತು. ಏಪ್ರಿಲ್ 8ರಂದು ಅದು ಬದಲಾಯಿತು. ಮೊದಲೇ ಕೇಳಿದ್ದರೆ ಯಾವ ತಾಯಿಯಾದರೂ ಹೇಳಬಹುದಾಗಿದ್ದ ಮಾತು ಅದು.

ವಲಸೆ ಬಂದ ಕನ್ನಡಿಗರಿಗೆ ಈ ಕಥೆಯಲ್ಲಿ ಎರಡು ಪಾಲುಗಳಿವೆ. ತಾತ್ಕಾಲಿಕ ವೀಸಾದ ಮೇಲೆ ಇರುವವರಲ್ಲಿ ಬಹುತೇಕರು ತೆರಿಗೆ ಕಟ್ಟಿದರೂ ಆರೈಕೆ ಭತ್ಯೆಗೆ ಅರ್ಹರಲ್ಲ. ಊರಿನಲ್ಲಿರುವ ತಂದೆತಾಯಿಯನ್ನು ಕರೆಸಿಕೊಳ್ಳಬೇಕೆಂದರೆ, 2012ರಿಂದ ಜಾರಿಯಲ್ಲಿರುವ ನಿಯಮದಂತೆ, ಮಕ್ಕಳು ಹಣ ಕಳಿಸಿದರೂ ಅಲ್ಲಿ ಅಗತ್ಯವಾದ ಆರೈಕೆ ಸಿಗದೆಂದು ಸಾಬೀತುಪಡಿಸಬೇಕು. 2020ರ ಮಾರ್ಚ್‌ನಲ್ಲಿ ಭಾರತಕ್ಕೆ ವಿಮಾನಗಳು ನಿಂತವು. 2021ರ ಏಪ್ರಿಲ್ 23ರಂದು ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತು. ಊರಿಗೆ ಹೋಗಿ ಮರಳುವವರು 1,750 ಪೌಂಡ್ ತೆತ್ತು ಹತ್ತು ದಿನ ಹೋಟೆಲಿನಲ್ಲಿ ಪ್ರತ್ಯೇಕವಾಗಿರಬೇಕಾಯಿತು. ಆಗ ಊರಿನ ಹಿರಿಯರನ್ನು ನೋಡಿಕೊಂಡವರು ನೆರೆಮನೆಯವರು, ಮನೆಗೆಲಸದ ಹೆಂಗಸರು, ಬಾಗಿಲು ಬಾಗಿಲಿಗೆ ಹೋಗಿ ಜ್ವರ ವಿಚಾರಿಸಿದ ಆಶಾ ಕಾರ್ಯಕರ್ತೆಯರು. ಕರ್ನಾಟಕದ ಅದೇ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಯಿತು.

ಎರಡನೆಯ ಪಾಲು ಹೇಳಿಕೊಳ್ಳಲು ಕಷ್ಟವಾದದ್ದು. ದಕ್ಷಿಣ ಏಷ್ಯಾದ ಕುಟುಂಬಗಳು ತಮ್ಮವರನ್ನು ತಾವೇ ನೋಡಿಕೊಳ್ಳುತ್ತವೆಂಬ ನಂಬಿಕೆ ಬ್ರಿಟನ್ನಿನ ಸಮಾಜಸೇವಾ ವಲಯದಲ್ಲಿ ಹಳೆಯದು. ನೆರವು ಕೊಡದಿರಲು ಅದೊಂದು ಒಳ್ಳೆಯ ನೆಪ. ಆದರೆ ಆ ಮಾತನ್ನು ಅಧಿಕಾರಿಗಳಿಗಿಂತ ಹೆಚ್ಚು ಅಭಿಮಾನದಿಂದ ಆಡುವವರು ವಲಸಿಗರೇ. 'ಹಿರಿಯರನ್ನು ನಾವೇ ನೋಡಿಕೊಳ್ಳುತ್ತೇವೆ' ಎಂಬ ವಾಕ್ಯದಲ್ಲಿರುವ 'ನಾವು' ಯಾರು? ಆಡುವವನು ಮಗ, ಮಾಡುವವಳು ಸೊಸೆ. ಕಾಯಕದ ಬಗ್ಗೆ ಇಷ್ಟೊಂದು ಮಾತನಾಡುವ ನಾಡಿನಲ್ಲಿ ಮಲಮೂತ್ರ ಬಳಿಯುವ, ರಾತ್ರಿಯಿಡೀ ಎಚ್ಚರವಿರುವ ಈ ದುಡಿಮೆಗೆ ಕಾಯಕವೆಂಬ ಹೆಸರೂ ದೊರೆತಿಲ್ಲ. ಅದನ್ನು ತ್ಯಾಗವೆಂದು ಕರೆದು ಕೈಮುಗಿಯುವುದೂ ಒಂದು ಬಗೆಯ ಚಪ್ಪಾಳೆಯೇ.

2025ರ ಏಪ್ರಿಲ್‌ನಲ್ಲಿ ಆರೈಕೆ ಭತ್ಯೆಯ ಗಳಿಕೆಯ ಮಿತಿ 196 ಪೌಂಡ್‌ಗೆ ಏರಿತು. ಇದು ಸ್ವಾಗತಾರ್ಹ. ಆದರೆ ಮಿತಿ ದಾಟಿದೊಡನೆ ಎಲ್ಲವನ್ನೂ ಕಳೆದುಕೊಳ್ಳುವ ಕ್ರಮ ಹಾಗೆಯೇ ಉಳಿದಿದೆ. ಬದುಕಲು ಸಾಲುವ ಭತ್ಯೆ, ವೀಸಾ ನೋಡದ ಅರ್ಹತೆ, ಬಿಕ್ಕಟ್ಟಿನಲ್ಲಿ ಮೊದಲು ಮುಚ್ಚದ ಬಿಡುವಿನ ಸೇವೆ: ಇವು ದಯೆಯ ಬೇಡಿಕೆಗಳಲ್ಲ, ಮಾಡಿದ ದುಡಿಮೆಗೆ ಸಲ್ಲಬೇಕಾದ ಬಾಕಿ. ಮುಂದೊಂದು ಸಾಂಕ್ರಾಮಿಕ ಬಂದು ಬಾಗಿಲು ಮುಚ್ಚಿರೆಂಬ ಆಜ್ಞೆ ಹೊರಡುವ ಮುನ್ನ, ಆಳುವವರೂ ಪ್ರತಿ ಮನೆಯ ಗಂಡಸರೂ ಉತ್ತರಿಸಬೇಕಾದ ಪ್ರಶ್ನೆ ಒಂದಿದೆ: ಒಳಗಿರುವ ದುರ್ಬಲರನ್ನು ನೋಡಿಕೊಳ್ಳುವವರು ಯಾರು, ಮತ್ತು ಅವರನ್ನು ನೋಡಿಕೊಳ್ಳುವವರು ಯಾರು?