ಹುಟ್ಟಿದ್ದು ಯಾವ ಇಸವಿ?



‘ನೀವು ಹುಟ್ಟಿದ್ದು ಯಾವ ಇಸವಿ?’ ಅಂತ ಯಾರಾದರೂ ಕೇಳಿದರೆ ಏನು ಹೇಳ್ತೀರಿ?

1960 ಅಂತ ಇಟ್ಟುಕೊಳ್ಳಿ. ಪೂರ್ತಿ ಓದಿದರೆ ಸಾವಿರದ ಒಂಬೈನೂರ ಅರವತ್ತು. ಬಾಯಿಗೆ ಉದ್ದವಾಯಿತು. ಅದಕ್ಕೇ ‘ಅರವತ್ತನೇ ಇಸವಿ’ ಅಂತೀವಿ. ಶಾಲೆಗೆ ಹೋಗುವ ಮಕ್ಕಳು ‘ನೈಂಟೀನ್ ಸಿಕ್ಸ್‌ಟಿ’ ಅಂತಾರೆ. ಹತ್ತೊಂಬತ್ತು, ಅರವತ್ತು ಎಂದು ಎರಡು ತುಂಡು ಮಾಡಿ ಹೇಳುವ ಇಂಗ್ಲಿಷ್ ರೀತಿ ಅದು.

ಹಿರಿಯರು ಸಂವತ್ಸರದ ಹೆಸರು ಹೇಳ್ತಾರೆ. 1960ರ ಯುಗಾದಿಗೆ ಶಾರ್ವರಿ ಸಂವತ್ಸರ ಶುರುವಾಯಿತು. ಸಂವತ್ಸರಗಳು ಒಟ್ಟು 60. ಎಲ್ಲ ಮುಗಿದ ಮೇಲೆ ಅದೇ ಹೆಸರು ಮತ್ತೆ ಬರುತ್ತೆ. 2020ರ ಯುಗಾದಿ ನೆನಪಿದೆಯಾ? ಕೊರೊನಾ ಬಂದು ಲಾಕ್‌ಡೌನ್ ಶುರುವಾದ ದಿನವೇ ಆ ಹಬ್ಬ. ಅವತ್ತು ಬಂದದ್ದೂ ಶಾರ್ವರಿಯೇ! ಹಾಗಾದರೆ ಶಾರ್ವರಿಯಲ್ಲಿ ಹುಟ್ಟಿದವರು ಅಜ್ಜಿಯೋ, ಮೊಮ್ಮಗಳೋ? ಬರೀ ಹೆಸರಿನಿಂದ ತಿಳಿಯುವುದಿಲ್ಲ.

ಈಗ ಒಂದು ಕತೆ ಕೇಳಿ.

2025ರಲ್ಲಿ ಒಬ್ಬ ಅಜ್ಜಿ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಬರೆಸಲು ಹೋದರು. ಈ ಪಿಂಚಣಿಗೆ 65 ವರ್ಷ ತುಂಬಿರಬೇಕು. ಅಜ್ಜಿಗೆ ತುಂಬಿತ್ತು. ಅರ್ಜಿ ಬರೆಯುವವರು ‘ಹುಟ್ಟಿದ್ದು ಎಷ್ಟರಲ್ಲಿ ಅಜ್ಜಿ?’ ಅಂದರು. ‘ಅರವತ್ತೈದು ಕಣಪ್ಪಾ’ ಅಂದರು ಅಜ್ಜಿ. ಅಜ್ಜಿ ಹೇಳಿದ್ದು ವಯಸ್ಸು. ಅವರು ಬರೆದದ್ದು ಇಸವಿ, 1965! ಕಾಗದದ ಮೇಲೆ ಅಜ್ಜಿಗೆ 60 ವರ್ಷ ಆಗಿಹೋಯಿತು. ಹಾಗೇ ಬಿಟ್ಟಿದ್ದರೆ ಪಿಂಚಣಿಗೆ ಇನ್ನೂ 5 ವರ್ಷ ಕಾಯಬೇಕಿತ್ತು.

ಪಕ್ಕದಲ್ಲಿ ಸೊಸೆ ಇದ್ದಳು. ಹೊಸದಾಗಿ ಅಕ್ಷರ ಕಲಿತವಳು. ಅರ್ಜಿಯ ಮೇಲೆ ಬೆರಳಿಟ್ಟು ಓದಿದಳು. ‘ಅಣ್ಣಾ, ಇದು ತಪ್ಪಾಗಿದೆ. ನಮ್ಮತ್ತೆ ಹುಟ್ಟಿದ್ದು ಸಾವಿರದ ಒಂಬೈನೂರ ಅರವತ್ತು’ ಅಂದಳು. ಆಧಾರ್ ಕಾರ್ಡ್ ತೋರಿಸಿದಳು. ಅವರು ನೋಡಿ ತಿದ್ದಿದರು.

ನೋಡಿದಿರಾ? ಓದು ಬಂದದ್ದಕ್ಕೆ ಅತ್ತೆಯ ಪಿಂಚಣಿ ಉಳಿಯಿತು.

ಮನೆಯಲ್ಲಿ ನಿಮಗೆ ಬಂದ ಹಾಗೆ ಹೇಳಿ. ಶಾರ್ವರಿ ಅನ್ನಿ, ಅರವತ್ತನೇ ಇಸವಿ ಅನ್ನಿ. ಎಲ್ಲವೂ ನಮ್ಮ ಮಾತೇ. ಆದರೆ ಕಾಗದಕ್ಕೆ ಬರೆಸುವಾಗ ಸಾವಿರದಿಂದ ಹಿಡಿದು ಪೂರ್ತಿ ಹೇಳಿ. ವಯಸ್ಸು ಬೇರೆ, ಇಸವಿ ಬೇರೆ ಎಂದು ಬಿಡಿಸಿ ಹೇಳಿ. ಬರೆದಾದ ಮೇಲೆ ನಾಲ್ಕು ಅಂಕಿಯನ್ನೂ ನೀವೇ ಓದಿ ನೋಡಿ. ಆಮೇಲೆ ಸಹಿ ಹಾಕಿ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ನೀವು, ನಿಮ್ಮ ಮಕ್ಕಳು, ಮನೆಯ ಹಿರಿಯರು ಹುಟ್ಟಿದ ಇಸವಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಗಟ್ಟಿಯಾಗಿ ಓದಿ. ನಾಳೆ ಆ ಹಾಳೆ ತನ್ನಿ, ಎಲ್ಲರೂ ಕೂಡಿ ಓದೋಣ.